ಅಳತೆಪಟ್ಟಿಯೂ ಕಣ್ಣೂ

ಭಾರ ಎತ್ತುವ ಸ್ಪರ್ಧೆಯಲ್ಲಿ ಜಗಳಕ್ಕೆ ಅವಕಾಶ ಕಡಿಮೆ. ತೂಕ ಇಷ್ಟೆಂದು ಮೊದಲೇ ಗೊತ್ತು; ಸರಿಯಾಗಿ ಎತ್ತಿದನೆ, ಇಲ್ಲವೆ ಎಂಬುದಷ್ಟೇ ಪ್ರಶ್ನೆ. ಓಟಕ್ಕೆ ಗಡಿಯಾರವುಂಟು, ನೆಗೆತಕ್ಕೆ ಅಳತೆಗೋಲುಂಟು. ಆದರೆ ದೇಹದಾರ್ಢ್ಯ ಪಟುಗಳು ಹತ್ತು ಮಂದಿ ಸಾಲಾಗಿ ನಿಂತು ಮೈಯುಬ್ಬಿಸಿದಾಗ, ಇವನೇ ಮೊದಲಿಗನೆಂದು ಹೇಳುವುದು ಯಾವುದನ್ನು ನಂಬಿ?

ಅಳತೆಪಟ್ಟಿಯನ್ನು ತರಿಸೋಣ ಎನ್ನುವಿರಾ? ಅದೂ ಕೈಕೊಡುತ್ತದೆ. ಸೊಂಟ ಸಣ್ಣಗಿರುವವನ ಹೆಗಲು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಹದಿನೇಳು ಅಂಗುಲದ ತೋಳು ಗಿಡ್ಡನೆಯವನಲ್ಲಿ ಗದೆಯಂತೆ, ಆರಡಿಯವನಲ್ಲಿ ಸಾಧಾರಣವಾಗಿ ತೋರುತ್ತದೆ. ಸ್ಪರ್ಧಿಗಳನ್ನು ಎತ್ತರದಂತೆ ವಿಭಾಗಿಸಿದ್ದು ಇದಕ್ಕಾಗಿಯೇ. ನಾಲ್ಕಡಿ ಹನ್ನೊಂದು ಅಂಗುಲದ ಬಂಗಾಳದ ಮನೋಹರ ಐಚ್ 1952ರಲ್ಲಿ ಲಂಡನ್ನಿನಲ್ಲಿ ಮಿಸ್ಟರ್ ಯೂನಿವರ್ಸ್ ಪ್ರಶಸ್ತಿ ಗೆದ್ದದ್ದು ಅಂಥ ಒಂದು ವಿಭಾಗದಲ್ಲಿ. ಸೌಷ್ಠವವೆಂಬುದು ಅಂಗಕ್ಕೂ ಅಂಗಕ್ಕೂ ಇರುವ ಸಂಬಂಧ. ಅದನ್ನು ಕಾಣಲು ಕಣ್ಣೇ ಬೇಕು.

ಯಾರ ಕಣ್ಣು? 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಯೂಜನ್ ಸ್ಯಾಂಡೋ ನಡೆಸಿದ ಮಹಾಸ್ಪರ್ಧೆಗೆ ಇಬ್ಬರು ತೀರ್ಪುಗಾರರು. ಒಬ್ಬ ಚಾರ್ಲ್ಸ್ ಲಾಸ್ ಎಂಬ ಶಿಲ್ಪಿ. ಇನ್ನೊಬ್ಬ ಷರ್ಲಾಕ್ ಹೋಮ್ಸನ ಜನಕ ಆರ್ಥರ್ ಕಾನನ್ ಡಾಯಲ್! ಕಾದಂಬರಿಕಾರನಿಗೂ ಮಾಂಸಖಂಡಕ್ಕೂ ಏನು ನಂಟೆಂದು ನಗಬೇಡಿ, ಆತ ವೈದ್ಯ. (ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’ ಬರೆದವರಲ್ಲವೆ?) ಅವರಿಬ್ಬರಲ್ಲಿ ಒಮ್ಮತ ಬಾರದಿದ್ದರೆ ಸ್ಯಾಂಡೋ ತೀರ್ಮಾನಿಸತಕ್ಕದ್ದು. ಬರಿಯ ಗಾತ್ರಕ್ಕೆ ಬಹುಮಾನವಿರಲಿಲ್ಲ; ಅಂಗಗಳ ಸಮತೋಲ, ಆರೋಗ್ಯ, ಚರ್ಮದ ಸ್ಥಿತಿಗಳನ್ನೂ ನೋಡಬೇಕಾಗಿತ್ತು. ಗೆದ್ದವನು ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ.

ಆಮೇಲೆ ಗಣಿತ ಬಂದಿತು. ತೀರ್ಪುಗಾರರು ಇಬ್ಬರಿಗೆ ಬದಲು ಏಳೋ ಒಂಬತ್ತೋ ಮಂದಿಯಾದರು. ಪ್ರತಿಯೊಬ್ಬನೂ ಸ್ಥಾನಗಳನ್ನು ಬರೆದುಕೊಡುವುದು, ಅತಿ ಮೇಲಿನದನ್ನೂ ಅತಿ ಕೆಳಗಿನದನ್ನೂ ಬಿಟ್ಟು ಉಳಿದುದನ್ನು ಕೂಡುವುದು, ಕಡಿಮೆ ಮೊತ್ತದವನು ಗೆಲ್ಲುವುದು. ಜಾಣ ಉಪಾಯವೇ ಸರಿ. ಒಬ್ಬನ ಹುಚ್ಚು ಒಲವೋ ಹಗೆಯೋ ಇದರಿಂದ ತಾನಾಗಿ ಉದುರಿಹೋಗುತ್ತದೆ. ಆದರೆ ಎಲ್ಲರ ಕಣ್ಣಿಗೂ ಒಂದೇ ಬಣ್ಣದ ಕನ್ನಡಕವಿದ್ದರೆ? ಆಗ ಕೂಡಿಕೆಯಲ್ಲಿ ತಪ್ಪಿರುವುದಿಲ್ಲ. ಅನ್ಯಾಯಕ್ಕೆ ಲೆಕ್ಕದ ಮುದ್ರೆ ಬೀಳುತ್ತದೆ, ಅಷ್ಟೆ.

ಬೆವ್ ಫ್ರಾನ್ಸಿಸ್‌ಗೆ ಆದದ್ದು ಇದೇ ಎಂದು ನನ್ನ ಎಣಿಕೆ. ಭಾರ ಎತ್ತುವುದರಲ್ಲಿ ವಿಶ್ವವಿಜೇತೆಯಾದ ಈ ಆಸ್ಟ್ರೇಲಿಯದ ಹೆಣ್ಣುಮಗಳು 1983ರಲ್ಲಿ ಅಮೆರಿಕದ ಲಾಸ್ ವೇಗಾಸ್ ನಗರದ ದೇಹದಾರ್ಢ್ಯ ಸ್ಪರ್ಧೆಗೆ ಬಂದಳು. ಅವಳಷ್ಟು ಮೈಕಟ್ಟಿದವರು ಆ ವೇದಿಕೆಯಲ್ಲಿ ಬೇರೊಬ್ಬರಿರಲಿಲ್ಲ. ಸಿಕ್ಕಿದ್ದು ಎಂಟನೆಯ ಸ್ಥಾನ. ಹೆಣ್ಣಿಗೆ ಎಷ್ಟು ಮಾಂಸಖಂಡ ಒಪ್ಪುತ್ತದೆ, ಹೆಣ್ತನವನ್ನು ಅಳೆಯುವುದು ಹೇಗೆ ಎಂದು ತೀರ್ಪುಗಾರರೇ ವಾದಿಸಿದ್ದು 1985ರಲ್ಲಿ ತೆರೆಕಂಡ ಚಿತ್ರವೊಂದರಲ್ಲಿ ದಾಖಲಾಗಿದೆ. ಗಂಡಸರ ಸ್ಪರ್ಧೆಯಲ್ಲಿ ‘ಇಷ್ಟು ಬೆಳೆದರೆ ಗಂಡಸುತನ ಕೆಡುತ್ತದೆ’ ಎಂದು ಅಂಕ ಕಳೆದವರುಂಟೆ? ಮೃದುತ್ವವೇ ಬೇಕೆಂದಿದ್ದರೆ ಬೇಡವೆನ್ನುವವರು ಯಾರು? ಅದನ್ನು ಮೊದಲೇ ಹೇಳಬೇಕಿತ್ತು. ವರ್ಷಗಟ್ಟಲೆ ಬೆವರು ಸುರಿಸಿ ಬಂದವಳಿಗೆ, ವೇದಿಕೆಯೇರಿದ ಮೇಲೆ, ನೀನು ಬೆಳೆದದ್ದು ಹೆಚ್ಚಾಯಿತೆನ್ನುವುದು ಯಾವ ನ್ಯಾಯ?

ಆಕೆ ಬಿಡಲಿಲ್ಲ. ಮತ್ತೆ ಮತ್ತೆ ಬಂದಳು. 1991ರ ಮಿಸ್ ಒಲಿಂಪಿಯಾದಲ್ಲಿ ಲೆಂಡಾ ಮರ್ರೆಗೆ ಒಂದೇ ಒಂದು ಅಂಕದಿಂದ ಸೋತು ಸ್ಪರ್ಧೆಗಳಿಂದ ನಿವೃತ್ತಳಾದಳು. ಅನಂತರ ನ್ಯೂಯಾರ್ಕ್ ಬಳಿ ಪತಿಯೊಡನೆ ವ್ಯಾಯಾಮಶಾಲೆ ನಡೆಸಿದಳು. ಆ ಪತಿ, ಸ್ಟೀವ್ ವೈನ್‌ಬರ್ಗರ್, ಮುಂದೆ ಮಿಸ್ಟರ್ ಒಲಿಂಪಿಯಾದ ಮುಖ್ಯ ತೀರ್ಪುಗಾರನಾಗಿ ಕುಳಿತ. ಅವರ ಮನೆಯ ಊಟದ ಮೇಜಿನಲ್ಲಿ ತೀರ್ಪುಗಳ ಮಾತು ಹೇಗೆ ನಡೆದಿರಬಹುದೆಂದು ನನಗೆ ಬಹಳ ಕುತೂಹಲ.