ಐರ್ಲೆಂಡಿನ ಐಶ್ವರ್ಯವೂ ಮನೆಗಳ ಬರವೂ

ತನಗೆ ಸಲ್ಲತಕ್ಕ 1,300 ಕೋಟಿ ಯೂರೋ ತೆರಿಗೆಯು ತನಗೆ ಬೇಡವೆಂದು ಒಂದು ಸರ್ಕಾರವು ಎಂಟು ವರ್ಷ ವ್ಯಾಜ್ಯವಾಡಿ, ಕಡೆಗೆ ಸೋತು, ಸೋತುದರಿಂದಲೇ ಧನಿಕವಾದ ಪ್ರಸಂಗವನ್ನು ನಮ್ಮ ವಾಚಕರು ಬೇರೆಲ್ಲಿಯೂ ಕೇಳಿರಲಾರರು. ಐರ್ಲೆಂಡಿನಲ್ಲಿ ಇದು ನಡೆಯಿತು. ಆಪಲ್ ಕಂಪೆನಿಗೆ ಐರಿಷ್ ಸರ್ಕಾರದವರು ತೋರಿಸಿದ ತೆರಿಗೆಯ ರಿಯಾಯಿತಿಯು ನ್ಯಾಯವಿರುದ್ಧವಾದ ಸಹಾಯವೆಂದೂ, ಆ ಹಣವನ್ನು ವಸೂಲು ಮಾಡತಕ್ಕದ್ದೆಂದೂ ಯೂರೋಪಿಯನ್ ಕಮಿಷನ್ನಿನವರು 2016ನೆಯ ಇಸವಿ ಆಗಸ್ಟಿನಲ್ಲಿ ತೀರ್ಮಾನಿಸಿದರು. ಕಂಪೆನಿಯೊಡನೆ ಸರ್ಕಾರವೂ ಅಪೀಲು ಹೂಡಿತು. 2020ರಲ್ಲಿ ಕೆಳಗಿನ ನ್ಯಾಯಸ್ಥಾನದಲ್ಲಿ ಗೆದ್ದಿತು. 2024ನೆಯ ಇಸವಿ ಸೆಪ್ಟೆಂಬರ್ 10ರಂದು ಯೂರೋಪಿನ ಉಚ್ಚ ನ್ಯಾಯಾಲಯವು ಕಮಿಷನ್ನಿನ ತೀರ್ಮಾನವನ್ನೇ ಎತ್ತಿ ಹಿಡಿಯಿತು. ಬಡ್ಡಿಯೂ ಸೇರಿ ಸುಮಾರು 1,400 ಕೋಟಿ ಯೂರೋ ಬೇಡವೆಂದವರ ಬೊಕ್ಕಸಕ್ಕೆ ಬಂದು ಬಿದ್ದಿತು. ಅದೇ ವರ್ಷದ ಕೊನೆಗೆ ಆ ದೇಶದಲ್ಲಿ ಸ್ವಂತ ಮನೆಯೂ ಬಾಡಿಗೆಯ ಮನೆಯೂ ಇಲ್ಲದೆ ಸರ್ಕಾರದ ತಾತ್ಕಾಲಿಕ ವಸತಿಗಳಲ್ಲಿ ರಾತ್ರಿ ಕಳೆಯುತ್ತಿದ್ದವರು 15,000ಕ್ಕೆ ಸಮೀಪ. ಅವರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕವರು ಮಕ್ಕಳು.

ಬಹುದೂರದ ದ್ವೀಪವೊಂದರ ವಿಚಾರವು ನಮಗೇಕೆಂದು ಕೇಳುವವರಿದ್ದರೆ, ನಮ್ಮ ರಾಜ್ಯಾಂಗದಲ್ಲಿರುವ ನಿರ್ದೇಶಕ ತತ್ತ್ವಗಳು ಐರ್ಲೆಂಡಿನ 1937ನೆಯ ಇಸವಿಯ ರಾಜ್ಯಾಂಗವನ್ನು ನೋಡಿ ರಚಿತವಾದುವೆಂಬುದನ್ನು ಅವರಿಗೆ ನೆನಪು ಮಾಡಿಕೊಡುತ್ತೇವೆ. ಒಂದೇ ಪ್ರಭುತ್ವದ ಕೆಳಗೆ ನರಳಿದ ಎರಡು ಜನಾಂಗಗಳು ನಾವು. ಅವರಿಗೆ 1922ರಲ್ಲಿ ಸ್ವರಾಜ್ಯವು ಲಭಿಸಿತು, ನಮಗೆ 1947ರಲ್ಲಿ. ಅವರ ಗಣರಾಜ್ಯದ ಜನಸಂಖ್ಯೆಯು 2022ರ ಖಾನೇಷುಮಾರಿಯಂತೆ ಸುಮಾರು 51 ಲಕ್ಷ, ಅಂದರೆ ನಮ್ಮ ಬೆಂಗಳೂರೊಂದಕ್ಕಿಂತ ಬಹಳ ಕಡಿಮೆ. 1841ರಲ್ಲಿ ಇಡೀ ದ್ವೀಪದ ಜನಸಂಖ್ಯೆಯು 82 ಲಕ್ಷದಷ್ಟಿದ್ದಿತು. 1845ರಲ್ಲಿ ಮೊದಲಾದ ಮಹಾಕ್ಷಾಮದಲ್ಲಿ ಹತ್ತು ಲಕ್ಷ ಜನರು ಸತ್ತು, ಹತ್ತು ಲಕ್ಷ ಜನರು ಹಡಗು ಹತ್ತಿದರು. ಆ ದ್ವೀಪವು ಇಂದಿಗೂ ಆ ಸಂಖ್ಯೆಗೆ ಮರಳಿಲ್ಲ. ಜನರು ಹೆಚ್ಚಾದುದರಿಂದ ಅಲ್ಲಿ ಮನೆಗಳು ಸಾಲವೆಂಬ ಮಾತನ್ನು ಕೇಳುವಾಗ ಇದನ್ನು ಮನಸ್ಸಿನಲ್ಲಿಡಬೇಕು.

ಇನ್ನು ಅವರ ಐಶ್ವರ್ಯದ ಮಾತು. 2015ರಲ್ಲಿ ದೇಶದ ಉತ್ಪತ್ತಿಯು ಒಂದೇ ವರ್ಷದಲ್ಲಿ ನೂರಕ್ಕೆ 26ರಂತೆ ವೃದ್ಧಿಯಾಯಿತೆಂದು ಸರ್ಕಾರಿ ಲೆಕ್ಕವು ಸಾರಿತು. ಹೊಲದಲ್ಲಿ ಬೆಳೆ ಹೆಚ್ಚಲಿಲ್ಲ, ಕೂಲಿಕಾರನ ಜೇಬು ತುಂಬಲಿಲ್ಲ. ಪರದೇಶದ ದೊಡ್ಡ ಕಂಪೆನಿಗಳು ತಮ್ಮ ಪೇಟೆಂಟು ಮೊದಲಾದ ಹಕ್ಕುಗಳನ್ನು ಕಾಗದದ ಮೇಲೆ ಐರ್ಲೆಂಡಿಗೆ ವರ್ಗಾಯಿಸಿದ್ದವು. ಅಮೆರಿಕೆಯ ಅರ್ಥಶಾಸ್ತ್ರಜ್ಞರಾದ ಪಾಲ್ ಕ್ರುಗ್‌ಮನ್ ಮಹಾಶಯರು ಇದನ್ನು 'ಲೆಪ್ರಿಕಾನ್ ಅರ್ಥಶಾಸ್ತ್ರ'ವೆಂದು ಹಾಸ್ಯಮಾಡಿದರು. ಲೆಪ್ರಿಕಾನನು ಐರಿಷ್ ಜನಪದ ಕಥೆಗಳಲ್ಲಿ ಬರುವ ಕುಳ್ಳ. ನಮ್ಮ ಯಕ್ಷರಂತೆ ನಿಧಿ ಕಾಯುವವನು, ಕೈಗೆ ಸಿಕ್ಕನೆಂದುಕೊಳ್ಳುವಷ್ಟರಲ್ಲಿ ಮಾಯವಾಗುವವನು. ಅಲ್ಲಿನ ಅಂಕಿ ಅಂಶಗಳ ಇಲಾಖೆಯವರು ಈ ಹಾಸ್ಯಕ್ಕೆ ಸಿಟ್ಟಾಗದೆ, ಪರದೇಶದ ಕಂಪೆನಿಗಳ ಈ ಕಾಗದದ ಸಂಪತ್ತನ್ನು ಕಳೆದು ದೇಶದ ನಿಜವಾದ ಆದಾಯವನ್ನು ತೋರಿಸುವ ಹೊಸ ಲೆಕ್ಕವೊಂದನ್ನು 2017ರಿಂದ ಪ್ರಕಟಿಸುತ್ತಿದ್ದಾರೆ. ತನ್ನ ದೇಶದ ಉಬ್ಬಿದ ಅಂಕಿಯನ್ನು ತಾನೇ ಚುಚ್ಚಿ ನೋಡುವ ಸರ್ಕಾರಿ ಇಲಾಖೆಯು ಪ್ರಪಂಚದಲ್ಲಿ ಎಷ್ಟು ಕಡೆ ಇರುವುದೋ ನಾವರಿಯೆವು. ನಮ್ಮ ದೆಹಲಿಯ ಅಧಿಕಾರಿಗಳು ಇದನ್ನು ಗಮನಿಸಿದರೆ ನಷ್ಟವೇನೂ ಇಲ್ಲ.

ಕಂಪೆನಿಗಳ ತೆರಿಗೆಯಿಂದ ಬರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೇವಲ ಹತ್ತು ಕಂಪೆನಿಗಳು ಕೊಡುತ್ತಿವೆ. ಅವುಗಳಲ್ಲಿ ಎರಡು ಮೂರು ಎದ್ದು ಹೊರಟರೆ ಬೊಕ್ಕಸದ ಗತಿಯೇನೆಂದು ಅಲ್ಲಿನ ಅರ್ಥಸಚಿವರು ನಿದ್ದೆಗೆಡುವುದು ಸಹಜ. ಆದುದರಿಂದಲೇ ಬಂದ ಹಣದ ಒಂದಂಶವನ್ನು ಮುಂದಿನ ಪೀಳಿಗೆಗಾಗಿ ಕೂಡಿಡುವ ನಿಧಿಗಳನ್ನು 2024ರಲ್ಲಿ ಸ್ಥಾಪಿಸಿದ್ದಾರೆ. ಕೂಡಿಡುವುದು ವಿವೇಕವೇ. ಆದರೆ ಮುಂದಿನ ಪೀಳಿಗೆಯು ಈಗಲೇ ಹುಟ್ಟಿ, ಬೆಳೆದು, ಮೂವತ್ತು ವಯಸ್ಸಾದರೂ ತಂದೆತಾಯಿಗಳ ಮನೆಯ ಕೋಣೆಯಲ್ಲಿಯೇ ಮಲಗಿದೆಯಲ್ಲ!

ಐರಿಷ್ ಜನರಿಗೆ ಮನೆಯೆಂದರೆ ಬರಿಯ ಸೂರಲ್ಲ. ಜಮೀನ್ದಾರರು ಒಕ್ಕಲುಗಳನ್ನು ಎಬ್ಬಿಸಿ, ಸೂರನ್ನು ಕಿತ್ತು, ಸಂಸಾರಗಳನ್ನು ಬೀದಿಗೆ ನೂಕುತ್ತಿದ್ದ ಕಾಲದ ನೆನಪು ಅವರಿಗಿನ್ನೂ ಹಸಿಯಾಗಿದೆ. 1879ರಲ್ಲಿ ಮೈಕೆಲ್ ಡ್ಯಾವಿಟ್ಟರು ಸ್ಥಾಪಿಸಿದ ಲ್ಯಾಂಡ್ ಲೀಗು ಈ ಅನ್ಯಾಯದ ಮೇಲೆಯೇ ಯುದ್ಧ ಸಾರಿತು. ಮರುವರ್ಷ ಮೇಯೋ ಜಿಲ್ಲೆಯಲ್ಲಿ ಜಮೀನ್ದಾರನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟನೊಡನೆ ಊರವರು ಮಾತುಕತೆ, ಕೊಳುಕೊಡೆ, ಕೂಲಿನಾಲಿಗಳನ್ನೆಲ್ಲ ನಿಲ್ಲಿಸಿದರು. ನಾವು ಬಹಿಷ್ಕಾರವೆಂದು ಸ್ವದೇಶಿ ಚಳವಳಿಯಲ್ಲಿ ಹಿಡಿದ ಆಯುಧಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರೇ ನಿಂತಿತು. 1903ರ ಕಾನೂನಿನಿಂದ ಒಕ್ಕಲುಗಳು ಭೂಮಿಯ ಒಡೆಯರಾದರು. ಸ್ವತಂತ್ರ ಐರ್ಲೆಂಡಿನಲ್ಲಿ ಸ್ವಂತ ಮನೆಯುಳ್ಳ ಸಂಸಾರಗಳು ಹೆಚ್ಚುತ್ತ ಹೋಗಿ, 1991ರಲ್ಲಿ ನೂರಕ್ಕೆ ಸುಮಾರು 80ನ್ನು ಮುಟ್ಟಿದ್ದವು. 2022ರಲ್ಲಿ ಅದು 66ಕ್ಕೆ ಇಳಿದಿದೆ.

ಇಳಿದುದು ಹೇಗೆ? 2006ರಲ್ಲಿ ಆ ಸಣ್ಣ ದೇಶವು ಸುಮಾರು 90,000 ಮನೆಗಳನ್ನು ಕಟ್ಟಿತು. ಬ್ಯಾಂಕುಗಳು ಸಾಲವನ್ನು ಮಳೆಗರೆದವು. 2008ರಲ್ಲಿ ಎಲ್ಲವೂ ಕುಸಿದುಬಿತ್ತು. ಬ್ಯಾಂಕುಗಳ ಸಾಲಕ್ಕೆ ಸರ್ಕಾರವು ಜಾಮೀನು ನಿಂತಿತು. ಆ ಜಾಮೀನಿನ ಭಾರವನ್ನು ಹೊರಲಾರದೆ 2010ರಲ್ಲಿ ಯೂರೋಪು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗಳ ಬಾಗಿಲಿಗೆ ಹೋಗಿ 8,500 ಕೋಟಿ ಯೂರೋಗಳ ಏರ್ಪಾಡಿಗೆ ಸಹಿ ಹಾಕಿತು. ಅರ್ಧ ಕಟ್ಟಿ ಬಿಟ್ಟ ಬಡಾವಣೆಗಳು ಎರಡು ಸಾವಿರಕ್ಕೂ ಮಿಕ್ಕಿದ್ದವು. ಜನರು ಅವನ್ನು ಭೂತಗಳ ಬಡಾವಣೆಗಳೆಂದು ಕರೆದರು. ಗಾರೆಯವರು, ಬಡಗಿಗಳು ದೇಶಾಂತರ ಹೋದರು. ಅಂದು ಮುರಿದ ಕಸಬು ಇನ್ನೂ ಪೂರ್ತಿಯಾಗಿ ಕೂಡಿಕೊಂಡಿಲ್ಲ. 2022ರ ಖಾನೇಷುಮಾರಿಯ ಕಾಲಕ್ಕೆ ಕೊರತೆಯಿದ್ದ ಮನೆಗಳು 2,12,500ಕ್ಕೆ ಕಡಿಮೆಯಿಲ್ಲವೆಂದೂ 2,56,000ದವರೆಗೂ ಇರಬಹುದೆಂದೂ ಸರ್ಕಾರವೇ ನೇಮಿಸಿದ ಹೌಸಿಂಗ್ ಕಮಿಷನ್ನಿನವರು 2024ರ ಮೇ ತಿಂಗಳಲ್ಲಿ ವರದಿ ಮಾಡಿದರು. ಅದೇ ವರ್ಷದ ಚುನಾವಣೆಯ ಮುಂಚೆ 40,000ಕ್ಕೆ ಸಮೀಪ ಮನೆಗಳು ಮುಗಿಯುವುವೆಂದು ಸರ್ಕಾರದ ಪಕ್ಷದವರು ಹೇಳುತ್ತಿದ್ದರು. ಚುನಾವಣೆ ಮುಗಿದ ಮೇಲೆ ಬಂದ ಲೆಕ್ಕ 30,330.

ಈ ನಡುವೆ ದೊಡ್ಡ ಬಂಡವಾಳದ ಸಂಸ್ಥೆಗಳು ಇಡೀ ಬಡಾವಣೆಗಳನ್ನೇ ಒಟ್ಟಾಗಿ ಕೊಂಡು ಬಾಡಿಗೆಗೆ ಬಿಡತೊಡಗಿದವು. ಐರಿಷರು ಇವಕ್ಕೆ ಕೋಗಿಲೆ ನಿಧಿಗಳೆಂದು ಹೆಸರಿಟ್ಟಿದ್ದಾರೆ. ಕೋಗಿಲೆಯನ್ನು ಪರಭೃತವೆಂದು ಕರೆದ ನಮ್ಮ ಕವಿಗಳಿಗೆ ಅದರ ಕಂಠವೇ ಮುಖ್ಯವಾಯಿತು. ಗೂಡು ಕಳೆದುಕೊಂಡ ಹಕ್ಕಿಯ ಮಾತನ್ನು ಎತ್ತಿದವರು ಐರಿಷರು. 2021ರಲ್ಲಿ ಮೇನೂತ್ ಊರಿನಲ್ಲಿ ಹೊಸ ಸಂಸಾರಗಳು ಆಸೆಯಿಟ್ಟಿದ್ದ ನೂರಕ್ಕೂ ಮಿಕ್ಕ ಮನೆಗಳು ಹೀಗೆ ಒಂದೇ ಕೈ ಸೇರಿದಾಗ ಎದ್ದ ಕೂಗಿಗೆ ಹೆದರಿ, ಸರ್ಕಾರವು ಅಂತಹ ಖರೀದಿಗೆ ನೂರಕ್ಕೆ 10ರ ಮುದ್ರಾಂಕ ಸುಂಕವನ್ನು ವಿಧಿಸಿತು.

ಮನೆ ಕಟ್ಟುವುದು ವ್ಯಾಪಾರಿಗಳ ಕೆಲಸ, ಸರ್ಕಾರದ ಕೆಲಸವಲ್ಲವೆಂಬ ವಾದವು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅದಕ್ಕೆ ಉತ್ತರವನ್ನು ಐರ್ಲೆಂಡಿನ ಚರಿತ್ರೆಯೇ ಕೊಡುತ್ತದೆ. 1932ರಿಂದ 1948ರವರೆಗೆ ಡಬ್ಲಿನ್ ನಗರಸಭೆಯ ವಸತಿಶಿಲ್ಪಿಯಾಗಿದ್ದ ಹರ್ಬರ್ಟ್ ಸಿಮ್ಸ್ ಎಂಬವರ ಕೈಕೆಳಗೆ ಸುಮಾರು 17,000 ಮನೆಗಳು ಎದ್ದವು. ಅದು ಎಂತಹ ಕಾಲ! ಬ್ರಿಟನ್ನಿನೊಡನೆ ಸುಂಕದ ಸಮರ, ಅದರ ಹಿಂದೆಯೇ ಮಹಾಯುದ್ಧ, ಬೊಕ್ಕಸದಲ್ಲಿ ಕಾಸಿಲ್ಲ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಕೊಳೆಯುತ್ತಿದ್ದ ನಗರದಲ್ಲಿ ಬಡ ಸರ್ಕಾರವೊಂದು ಇಷ್ಟನ್ನು ಮಾಡಿತು. ಮೊಮ್ಮಕ್ಕಳ ಶ್ರೀಮಂತ ಸರ್ಕಾರಕ್ಕೆ ಹಣವಿದೆ, ಭೂಮಿಯಿದೆ. ಇಲ್ಲದಿರುವುದು ತಾನೇ ಕಟ್ಟುವೆನೆಂಬ ಸಂಕಲ್ಪವೆಂದು ನಮಗೆ ತೋರುತ್ತದೆ. ಪಾರ್ಲಿಮೆಂಟು ಭವನದ ಅಂಗಳದಲ್ಲಿ ಬೈಸಿಕಲ್ಲುಗಳನ್ನು ನಿಲ್ಲಿಸುವ ಒಂದು ಚಪ್ಪರಕ್ಕೆ 3,36,000 ಯೂರೋ ವೆಚ್ಚವಾಯಿತೆಂದು 2024ರಲ್ಲಿ ತಿಳಿದಾಗ ಆ ದೇಶದ ಜನರು ನಕ್ಕರೋ ಅತ್ತರೋ ಹೇಳುವುದು ಕಷ್ಟ. ಅಷ್ಟು ಹಣಕ್ಕೆ ಒಂದು ಸಂಸಾರದ ಮನೆಯೇ ಬರುತ್ತಿತ್ತು.

ರಾಜಕೀಯದಲ್ಲಿ ಫಿಯನ್ನ ಫಾಲ್ ಮತ್ತು ಫಿನ ಗೇಲ್ ಪಕ್ಷಗಳು 1922ರ ಅಂತಃಕಲಹದ ಎರಡು ಬಣಗಳಿಂದ ಹುಟ್ಟಿದವು. ಒಂದು ಶತಮಾನದ ಹತ್ತಿರ ಹಗೆ ಸಾಧಿಸಿ, 2020ರಲ್ಲಿ ಒಂದೇ ಸರ್ಕಾರದಲ್ಲಿ ಕುಳಿತವು. 2024ರ ನವೆಂಬರ್ ಚುನಾವಣೆಯಲ್ಲಿ 174 ಸ್ಥಾನಗಳ ಪೈಕಿ ಕ್ರಮವಾಗಿ 48 ಮತ್ತು 38ನ್ನು ಗಳಿಸಿ, ಸ್ವತಂತ್ರ ಸದಸ್ಯರ ಬೆಂಬಲದಿಂದ ಪುನಃ ಅಧಿಕಾರಕ್ಕೆ ಬಂದವು. ಮತದಾರನು ಅಭ್ಯರ್ಥಿಗಳಿಗೆ 1, 2, 3 ಎಂದು ಅಂಕೆ ಹಾಕುವ ಅಲ್ಲಿನ ಪದ್ಧತಿಯಲ್ಲಿ ಸಣ್ಣ ಮತಗಳೂ ಪೋಲಾಗುವುದಿಲ್ಲ. ಅದನ್ನು ತೆಗೆದುಹಾಕಲು ಸರ್ಕಾರವು 1959ರಲ್ಲಿಯೂ 1968ರಲ್ಲಿಯೂ ಕೇಳಿದಾಗ ಜನರು ಎರಡು ಸಲವೂ ಕೊಡೆವೆಂದರು.

ಮನೆ, ರಾಜಕೀಯ, ಕ್ರೀಡೆ ಮೂರೂ ಒಂದೇ ಗಂಟಿನಲ್ಲಿ ಸಿಕ್ಕಿದುದು 2025ರ ಅಧ್ಯಕ್ಷರ ಚುನಾವಣೆಯಲ್ಲಿ. ಡಬ್ಲಿನ್ ತಂಡಕ್ಕೆ 2015ರಿಂದ 2019ರವರೆಗೆ ಸತತವಾಗಿ ಐದು ವರ್ಷ ಗೇಲಿಕ್ ಫುಟ್‌ಬಾಲಿನ ರಾಷ್ಟ್ರೀಯ ಕಿರೀಟವನ್ನು ದೊರಕಿಸಿದ ತರಬೇತುಗಾರ ಜಿಮ್ ಗೇವಿನ್ ಮಹಾಶಯರನ್ನು ಫಿಯನ್ನ ಫಾಲ್ ಪಕ್ಷವು ಅಭ್ಯರ್ಥಿಯಾಗಿ ನಿಲ್ಲಿಸಿತು. ಹಿಂದೊಮ್ಮೆ ತಮ್ಮ ಮನೆಯ ಬಾಡಿಗೆದಾರನೊಬ್ಬನು ಹೆಚ್ಚಾಗಿ ಸಲ್ಲಿಸಿದ್ದ 3,300 ಯೂರೋಗಳನ್ನು ಅವರು ಹಿಂದಿರುಗಿಸಿರಲಿಲ್ಲವೆಂಬ ಸಂಗತಿ ಹೊರಬಿದ್ದೊಡನೆ ಅವರು ಕಣದಿಂದ ಹಿಂದೆ ಸರಿದರು. ಐದು ಕಿರೀಟಗಳು ಒಬ್ಬ ಬಾಡಿಗೆದಾರನ ದೂರಿನೆದುರು ನಿಲ್ಲಲಿಲ್ಲ! ಸ್ವತಂತ್ರ ಅಭ್ಯರ್ಥಿ ಕ್ಯಾಥರಿನ್ ಕಾನಲಿಯವರು ನೂರಕ್ಕೆ 63 ಮತಗಳಿಂದ ಗೆದ್ದರು. ಎರಡು ಲಕ್ಷಕ್ಕೂ ಮಿಕ್ಕ ಮತಪತ್ರಗಳು ಕೆಡಿಸಲ್ಪಟ್ಟಿದ್ದವು.

ಗೇಲಿಕ್ ಕ್ರೀಡಾಸಂಘವನ್ನು ಕುರಿತು ನಮ್ಮ ಕ್ರೀಡಾಪ್ರಿಯರು ತಿಳಿಯಬೇಕಾದುದು ಬಹಳವಿದೆ. 1884ರಲ್ಲಿ ಥರ್ಲೆಸ್ ಊರಿನಲ್ಲಿ ಹುಟ್ಟಿದ ಈ ಸಂಘವು 82,000 ಜನರು ಕೂಡುವ ಕ್ರೋಕ್ ಪಾರ್ಕ್ ಮೈದಾನದ ಒಡೆತನವನ್ನು ಹೊಂದಿದ್ದರೂ ಆಟಗಾರರಿಗೆ ಸಂಬಳ ಕೊಡುವುದಿಲ್ಲ. ಮಾಸ್ತರನೋ ರೈತನೋ ವಾರವೆಲ್ಲ ದುಡಿದು ತನ್ನ ಜಿಲ್ಲೆಗಾಗಿ ಆಡುವನು. 1920ರ ನವೆಂಬರ್ 21ರಂದು ಬ್ರಿಟಿಷ್ ಪಡೆಗಳು ಈ ಮೈದಾನದಲ್ಲಿಯೇ ಗುಂಡು ಹಾರಿಸಿ 14 ಜನರನ್ನು ಕೊಂದವು. ರಗ್ಬಿ, ಕ್ರಿಕೆಟ್ ಮೊದಲಾದ ಪರಕೀಯರ ಆಟಗಳನ್ನು ಸದಸ್ಯರು ಆಡಕೂಡದೆಂಬ ನಿಷೇಧವು 1971ರವರೆಗೂ ಇದ್ದಿತು. ಆದರೂ 2007ರ ಫೆಬ್ರವರಿ 24ರಂದು ಇಂಗ್ಲೆಂಡಿನ ರಗ್ಬಿ ತಂಡವು ಅಲ್ಲಿ ಆಡಲು ಬಂದಾಗ, ಅವರ ರಾಷ್ಟ್ರಗೀತೆಗೆ ಐರಿಷರು ಸದ್ದಿಲ್ಲದೆ ಎದ್ದು ನಿಂತು, ಆಮೇಲೆ ಆಟದಲ್ಲಿ 43-13ರಿಂದ ಸೋಲಿಸಿದರು. ನಿಷಿದ್ಧವಾಗಿದ್ದ ಕ್ರಿಕೆಟ್ಟಿನಲ್ಲಿ ಅವರು ಅದೇ ಇಂಗ್ಲೆಂಡನ್ನು ಮುರಿದುದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2011ರ ಮಾರ್ಚ್ 2ರಂದು. ಆ ರಾತ್ರಿ ಕೆವಿನ್ ಓಬ್ರಿಯನ್ನರು 50 ಚೆಂಡುಗಳಲ್ಲಿ ನೂರು ಓಟ ಹೊಡೆದುದನ್ನು ಕಂಡವರು ನಮ್ಮ ವಾಚಕರಲ್ಲಿಯೂ ಇದ್ದಾರು.

ಹಳ್ಳಿಗಳ ಸಂಘಗಳಲ್ಲಿ ಈಗ ತಂಡಕ್ಕೆ ಬೇಕಾದಷ್ಟು ಹುಡುಗರು ಸಿಕ್ಕುವುದು ಕಷ್ಟವಾಗುತ್ತಿದೆ. 2024ರ ಏಪ್ರಿಲಿಗೆ ಮುಗಿದ ಒಂದೇ ವರ್ಷದಲ್ಲಿ 10,600 ಜನರು ಐರ್ಲೆಂಡನ್ನು ಬಿಟ್ಟು ಆಸ್ಟ್ರೇಲಿಯಕ್ಕೆ ಹೋದರು. ಹಿಂದೆ ಹಸಿವು ಅವರನ್ನು ಹಡಗಿಗೆ ಹತ್ತಿಸಿತು. ಈಗ ಕೆಲಸವಿದ್ದೂ ಮನೆ ಸಿಕ್ಕದೆ ವಿಮಾನ ಹತ್ತುವವರು ಅನೇಕರು.

ಹೊರಟವರ ಜಾಗಕ್ಕೆ ಬಂದವರಲ್ಲಿ ನಮ್ಮವರೂ ಇದ್ದಾರೆ. 2022ರ ಎಣಿಕೆಯಲ್ಲಿ ಭಾರತದ ಪ್ರಜೆಗಳು 45,000ಕ್ಕೂ ಮಿಕ್ಕಿದ್ದರು. ಅಲ್ಲಿನ ಆಸ್ಪತ್ರೆಗಳೂ ಕಂಪೆನಿಗಳೂ ಅವರ ದುಡಿಮೆಯನ್ನು ಬಲ್ಲವು. 2025ರ ಬೇಸಗೆಯಲ್ಲಿ ಡಬ್ಲಿನ್ನಿನ ಬೀದಿಗಳಲ್ಲಿ ಭಾರತೀಯರ ಮೇಲೆ ನಡೆದ ಹಲ್ಲೆಗಳ ಕಾರಣ ನಮ್ಮ ರಾಯಭಾರ ಕಚೇರಿಯವರು ಎಚ್ಚರಿಕೆಯ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಅಂದಿನ ಅಧ್ಯಕ್ಷ ಮೈಕೆಲ್ ಹಿಗ್ಗಿನ್ಸ್ ಮಹಾಶಯರು ಆ ದುಷ್ಕೃತ್ಯಗಳನ್ನು ಬಹಿರಂಗವಾಗಿ ಖಂಡಿಸಿದುದು ಅವರಿಗೆ ಭೂಷಣವಾಗಿದೆ. ಜನರು ಬಂದಷ್ಟೂ ಮನೆಗಳ ಬೇಡಿಕೆ ಏರುವುದು ನಿಜ. ಅದನ್ನು ನಾವು ಅಲ್ಲಗಳೆಯೆವು. ಆದರೆ 2008ರಿಂದ ಕಟ್ಟದೆ ಉಳಿದ ಮನೆಗಳಿಗೆ ರಾತ್ರಿಪಾಳಿ ಮುಗಿಸಿ ನಡೆದು ಬರುವ ಮಲೆಯಾಳದ ದಾದಿಯಾಗಲಿ, ಮೈಸೂರಿನ ಇಂಜಿನಿಯರನಾಗಲಿ ಉತ್ತರವಾದಿಯಲ್ಲ. ಆಪಲ್ಲಿನ ಹಣ ಬೇಡವೆಂದು ವ್ಯಾಜ್ಯವಾಡಿದವರು ಅವರಲ್ಲ.

2030ರ ಅಂತ್ಯದೊಳಗೆ ಮೂರು ಲಕ್ಷ ಮನೆಗಳನ್ನು ಕಟ್ಟಿಸುವೆವೆಂದು ಮೈಕೆಲ್ ಮಾರ್ಟಿನರ ಸರ್ಕಾರವು 2025ರಲ್ಲಿ ಮಾತು ಕೊಟ್ಟಿತು. 2035ರವರೆಗಿನ ನಿರ್ಮಾಣಗಳಿಗೆ 27,500 ಕೋಟಿ ಯೂರೋಗಳ ಯೋಜನೆಯನ್ನೂ ಪ್ರಕಟಿಸಿತು. ಮನೆಗೆ ಮೊದಲು ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತು ಬೇಕು. ಅಲ್ಲಿನ ಡೇಟಾ ಸೆಂಟರುಗಳು 2023ರಲ್ಲಿ ದೇಶದ ವಿದ್ಯುತ್ತಿನ ನೂರಕ್ಕೆ 21 ಭಾಗವನ್ನು ಬಳಸಿದವು. ಪಟ್ಟಣಗಳ ಮನೆಗಳೆಲ್ಲ ಸೇರಿ ಬಳಸಿದುದು ಅದಕ್ಕಿಂತ ಕಡಿಮೆ. ವ್ಯಾಜ್ಯದಲ್ಲಿ ಸೋತು ಬಂದ ಆ 1,400 ಕೋಟಿಯನ್ನು ಸರ್ಕಾರವು ಮೊದಲು ಕೊಳವೆಗಳಿಗೂ, ಆಮೇಲೆ ಸರ್ಕಾರಿ ಭೂಮಿಯಲ್ಲಿ ನಗರಸಭೆಗಳೇ ಕಟ್ಟುವ ಮನೆಗಳಿಗೂ ಖರ್ಚು ಮಾಡಲಿ ಎಂಬುದು ನಮ್ಮ ಅಭಿಪ್ರಾಯ. ಮುಗಿದ ಮನೆಗಳ ಸಂಖ್ಯೆಯನ್ನು ಅಲ್ಲಿನ ಅಂಕಿ ಅಂಶಗಳ ಇಲಾಖೆಯವರು ಮೂರು ತಿಂಗಳಿಗೊಮ್ಮೆ ಪ್ರಕಟಿಸುವರು. ಲೆಪ್ರಿಕಾನನ ಲೆಕ್ಕವು ಅದರೊಳಗೆ ನುಸುಳಲಾರದು.