ಡಾಲರ್ ದೇವರು, ಎರಡು ನಾಲಗೆಯ ಭಕ್ತರು

ಅಮೆರಿಕದ ನಾಣ್ಯ, ನೋಟುಗಳ ಮೇಲಿರುವ ‘ಇನ್ ಗಾಡ್ ವಿ ಟ್ರಸ್ಟ್’ (ನಾವು ದೇವರನ್ನು ನಂಬುತ್ತೇವೆ) ಎಂಬ ವಾಕ್ಯದ ಬಗ್ಗೆ ಅಲ್ಲಿನ ಸರ್ಕಾರಿ ವಕೀಲರನ್ನು ಕೋರ್ಟಿನಲ್ಲಿ ಕೇಳಿ ನೋಡಿ. ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ, ಅದೊಂದು ವಾಡಿಕೆ ಅಷ್ಟೇ ಎನ್ನುತ್ತಾರೆ. ಸರಿ, ಹಾಗಾದರೆ ತೆಗೆದುಬಿಡೋಣವೇ ಎಂದು ಅವರದೇ ಪಕ್ಷದವರನ್ನು ಚುನಾವಣಾ ಸಭೆಯಲ್ಲಿ ಕೇಳಿ. ದೇವರನ್ನೇ ದೇಶದಿಂದ ಓಡಿಸಲು ಹೊರಟಿದ್ದಾರೆ ಎಂದು ಮೈಕು ಒಡೆಯುವಂತೆ ಕೂಗುತ್ತಾರೆ. ಅರ್ಧ ಶತಮಾನದಿಂದ ಈ ಆಟ ನಡೆದಿದೆ. ಆಡುವವರಿಗೆ ನಾಚಿಕೆಯಿಲ್ಲ, ನೋಡುವವರಿಗೆ ಅಭ್ಯಾಸವಾಗಿಹೋಗಿದೆ.

ಕೋರ್ಟಿನ ಮಾತನ್ನೇ ಮೊದಲು ನೋಡೋಣ. 1970ರ ‘ಅರೋನೋ’ ಪ್ರಕರಣದಲ್ಲಿ ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ, ಈ ಧ್ಯೇಯವಾಕ್ಯ ದೇಶಭಕ್ತಿಯದ್ದು, ಔಪಚಾರಿಕವಾದದ್ದು, ಸರ್ಕಾರ ಒಂದು ಧರ್ಮವನ್ನು ಸ್ಥಾಪಿಸುವುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದಿತು. 1984ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಬ್ರೆನನ್ ತಮ್ಮ ಭಿನ್ನ ತೀರ್ಪೊಂದರಲ್ಲಿ, ಇಂಥ ಮಾತುಗಳು ಬಾಯಿಪಾಠವಾಗಿ ಸವೆದು ಧಾರ್ಮಿಕ ಅರ್ಥ ಕಳೆದುಕೊಂಡಿವೆ ಎಂಬ ಕಾರಣಕ್ಕೆ ಅವನ್ನು ಸಹಿಸಬಹುದೇನೋ ಎಂದು ಬರೆದರು. ವೃತ್ತಿಯಿಂದ ವೈದ್ಯನೂ ವಕೀಲನೂ ಆದ ಮೈಕೆಲ್ ನ್ಯೂಡೌ ಈ ವಾಕ್ಯವನ್ನು ತೆಗೆಸಲು ಮತ್ತೆ ಮತ್ತೆ ಕೋರ್ಟಿಗೆ ಹೋದ. 2010ರಲ್ಲಿ ಸೋತ, 2014ರಲ್ಲಿ ಸೋತ, 2018ರಲ್ಲಿ ಎಂಟನೇ ಸರ್ಕ್ಯೂಟಿನಲ್ಲೂ ಸೋತ. 2019ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಅಂದರೆ ಡಾಲರಿನ ಮೇಲೆ ದೇವರು ಉಳಿದಿರುವುದು ಅವನಿಗೆ ಶಕ್ತಿಯಿದೆ ಎಂದಲ್ಲ, ಅವನ ಹೆಸರಿಗೆ ಅರ್ಥ ಉಳಿದಿಲ್ಲ ಎಂದು ಅಫಿಡವಿಟ್ಟು ಕೊಟ್ಟಿದ್ದರಿಂದ. ನಾಸ್ತಿಕರಿಗಿಂತ ಮೊದಲು ಸಿಟ್ಟಿಗೇಳಬೇಕಾದವರು ಆಸ್ತಿಕರು.

ಒಬ್ಬ ಆಸ್ತಿಕ ನಿಜಕ್ಕೂ ಸಿಟ್ಟಾಗಿದ್ದ. ಅವನೇ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. 1907ರಲ್ಲಿ ಶಿಲ್ಪಿ ಅಗಸ್ಟಸ್ ಸೇಂಟ್ ಗಾಡೆನ್ಸ್ ರೂಪಿಸಿದ 20 ಡಾಲರಿನ ಚಿನ್ನದ ನಾಣ್ಯ ಈ ವಾಕ್ಯವಿಲ್ಲದೆ ಹೊರಬಂದಾಗ ಪಾದ್ರಿಗಳು ಗುಲ್ಲೆಬ್ಬಿಸಿದರು. ಅಧ್ಯಕ್ಷರು ಪಾದ್ರಿಯೊಬ್ಬರಿಗೆ ಪತ್ರ ಬರೆದು, ದೇವರ ಹೆಸರನ್ನು ದುಡ್ಡಿನ ಮೇಲೆ ಒತ್ತುವುದು ಹೆಚ್ಚೂಕಡಿಮೆ ದೈವನಿಂದನೆಯೇ ಎಂದರು. ಈ ನಾಣ್ಯದ ವಾಕ್ಯವನ್ನು ಯಾರೂ ಭಕ್ತಿಯಿಂದ ಆಡಿದ್ದನ್ನು ತಾವು ಕೇಳಿಲ್ಲ, ಕೇಳಿದ್ದೆಲ್ಲ ತಮಾಷೆ ಎಂದರು. ಬೆಳ್ಳಿ ಡಾಲರಿನಲ್ಲಿದ್ದ ಬೆಳ್ಳಿಯ ಬೆಲೆ ಒಂದು ಡಾಲರಿಗಿಂತ ಕಡಿಮೆಯಿದ್ದ ಕಾಲ ಅದು. ಮಿಕ್ಕ ಸೆಂಟುಗಳಿಗೆ ದೇವರೇ ಗತಿ ಎಂದು ಜನ ನಗುತ್ತಿದ್ದುದನ್ನೂ ಅವರು ನೆನಪಿಸಿದರು. ನಮ್ಮ ಕಿರಾಣಿ ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿನ ಹಾಗೆ, ದೇವರನ್ನು ನಂಬುತ್ತೇವೆ, ಉಳಿದವರು ನಗದು ಕೊಡಿ ಎಂಬ ಬೋರ್ಡು ಅಲ್ಲಿನ ಅಂಗಡಿಗಳಲ್ಲೂ ತೂಗಿತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು, ಅಧ್ಯಕ್ಷರ ಮಾತನ್ನು ಕೇಳಲಿಲ್ಲ. 1908ರ ಮೇನಲ್ಲಿ ಕಾನೂನು ಮಾಡಿ ಆ ವಾಕ್ಯವನ್ನು ಮರಳಿ ಕೂರಿಸಿತು.

ರಾಷ್ಟ್ರಪಿತರ ಪರಂಪರೆ ಎಂಬ ಸವಕಲು ವಾದವೊಂದಿದೆ. ಯಾವ ಪಿತರು? ಅವರು ಬರೆದ ಸಂವಿಧಾನದಲ್ಲಿ ಹುಡುಕಿದರೂ ದೇವರ ಆವಾಹನೆ ಸಿಗುವುದಿಲ್ಲ. ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಒಡ್ಡಕೂಡದು ಎಂಬ ಆರನೇ ವಿಧಿ ಮಾತ್ರ ಸಿಗುತ್ತದೆ. 1782ರಲ್ಲಿ ಒಪ್ಪಿದ ರಾಷ್ಟ್ರಮುದ್ರೆಯ ಮೇಲೆ ಅವರು ಬರೆಸಿದ್ದು ‘ಇ ಪ್ಲುರಿಬಸ್ ಊನಮ್’, ಅನೇಕದಿಂದ ಏಕ. 1787ರ ಒಂದು ಸೆಂಟಿನ ನಾಣ್ಯದ ಮೇಲೆ ಒತ್ತಿಸಿದ್ದು, ನಿನ್ನ ಕೆಲಸ ನೀನು ನೋಡಿಕೋ. ದೇವರು ಟಂಕಸಾಲೆಗೆ ಕಾಲಿಟ್ಟಿದ್ದು 1864ರಲ್ಲಿ, ಎರಡು ಸೆಂಟಿನ ಕಂಚಿನ ಬಿಲ್ಲೆಯ ಮೇಲೆ. ನೋಟಿನ ಮೇಲೆ ಬಂದಿದ್ದಂತೂ 1957ರಲ್ಲಿ, ಸ್ವಾತಂತ್ರ್ಯ ಘೋಷಣೆಯಾಗಿ 181 ವರ್ಷ ಕಳೆದ ಮೇಲೆ. ಇವತ್ತು ಒಂದು ಡಾಲರಿನ ನೋಟನ್ನು ತಿರುಗಿಸಿ ನೋಡಿ. ನಡುವೆ ದಪ್ಪಕ್ಷರದ ‘ಒನ್’ ತಲೆಯ ಮೇಲೆ ಹೊಸಬನ ವಾಕ್ಯ ಮೆರೆಯುತ್ತಿದೆ. ಪಿತರ ವಾಕ್ಯ ಬಲಬದಿಯ ವೃತ್ತದೊಳಗಿನ ಹದ್ದಿನ ಕೊಕ್ಕಿಗೆ ಸಿಕ್ಕಿಕೊಂಡ ಪಟ್ಟಿಯಲ್ಲಿ, ಕಣ್ಣು ಕಿರಿದುಮಾಡಿ ಓದುವಷ್ಟು ಸಣ್ಣಗಿದೆ.

1864ರ ಕಥೆಯೂ ಸ್ವಾರಸ್ಯದ್ದೇ. ಅಂತರ್ಯುದ್ಧ ಶುರುವಾದ ವರ್ಷ, 1861ರ ನವೆಂಬರಿನಲ್ಲಿ, ಪೆನ್ಸಿಲ್ವೇನಿಯಾದ ಪಾದ್ರಿ ಎಂ. ಆರ್. ವಾಟ್‌ಕಿನ್‌ಸನ್ ಖಜಾನೆ ಕಾರ್ಯದರ್ಶಿ ಸ್ಯಾಮನ್ ಚೇಸ್‌ಗೆ ಪತ್ರ ಬರೆದ. ಮುಂದಿನ ಶತಮಾನಗಳ ಸಂಶೋಧಕರು ನಮ್ಮ ನಾಣ್ಯಗಳನ್ನು ನೋಡಿ ನಮ್ಮನ್ನು ಅನ್ಯದೈವದವರು ಎಂದುಕೊಂಡರೆ ಏನು ಗತಿ ಎಂಬುದು ಅವನ ಚಿಂತೆ. ಜೀತದ ಸಂತೆಯಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿದ್ದ ದೇಶವನ್ನು ಆ ಸಂಶೋಧಕರು ಏನೆಂದುಕೊಂಡಾರು ಎಂಬ ಚಿಂತೆ ಆ ಪತ್ರದಲ್ಲಿಲ್ಲ. ಆ ಕಡೆ ಗುಲಾಮಗಿರಿಗಾಗಿ ಕತ್ತಿ ಹಿರಿದಿದ್ದ ದಕ್ಷಿಣದವರು ತಮ್ಮ ಸಂವಿಧಾನದ ಪೀಠಿಕೆಯಲ್ಲೇ ಸರ್ವಶಕ್ತ ದೇವರನ್ನು ಕರೆದಿದ್ದರು. ಆಗ ಉತ್ತರದವರು ಹಿಂದೆ ಬೀಳುವುದುಂಟೇ? ಇನ್ನೊಂದು ವಿಷಯ. ವಾಟ್‌ಕಿನ್‌ಸನ್ ಬ್ಯಾಪ್ಟಿಸ್ಟ್ ಪಾದ್ರಿ. ಅರವತ್ತು ವರ್ಷ ಹಿಂದೆ ಕನೆಕ್ಟಿಕಟ್ಟಿನ ಡ್ಯಾನ್ಬರಿಯ ಬ್ಯಾಪ್ಟಿಸ್ಟರೇ ತಮಗಿರುವ ಧರ್ಮಸ್ವಾತಂತ್ರ್ಯ ಸರ್ಕಾರದ ಭಿಕ್ಷೆಯಂತಾಗಿದೆ ಎಂದು ಅಧ್ಯಕ್ಷ ಜೆಫರ್‌ಸನ್ ಬಳಿ ದೂರಿದ್ದರು. ಚರ್ಚಿಗೂ ಸರ್ಕಾರಕ್ಕೂ ನಡುವಿನ ‘ಗೋಡೆ’ಯ ಮಾತನ್ನು 1802ರ ಜನವರಿ 1ರಂದು ಜೆಫರ್‌ಸನ್ ಬರೆದದ್ದು ಅವರಿಗೇ. ಇನ್ನು ಚೇಸ್ ಎಂಬ ದೈವಭಕ್ತ 1862ರ ಒಂದು ಡಾಲರಿನ ನೋಟಿನ ಮೇಲೆ ಹಾಕಿಸಿದ್ದು ಯಾರ ಚಿತ್ರ? ಸ್ವತಃ ತನ್ನದೇ.

ಉಳಿದದ್ದು ಶೀತಲ ಸಮರದ ಕಾಣಿಕೆ. ರಷ್ಯನ್ನರು ನಾಸ್ತಿಕರು, ಆದ್ದರಿಂದ ನಾವು ಆಸ್ತಿಕರು ಎಂಬ ಸರಳ ಗಣಿತ. 1954ರಲ್ಲಿ ಧ್ವಜವಂದನೆಯ ಪ್ರತಿಜ್ಞೆಗೆ ದೇವರನ್ನು ತುರುಕಿದರು. 1955ರಲ್ಲಿ ಐಸೆನ್‌ಹೋವರ್ ಸಹಿಯಿಂದ ಎಲ್ಲ ನಾಣ್ಯ, ನೋಟುಗಳಿಗೂ ಕಡ್ಡಾಯವಾಯಿತು. 1956ರಲ್ಲಿ ಅದೇ ರಾಷ್ಟ್ರೀಯ ಧ್ಯೇಯವಾಕ್ಯವಾಯಿತು. ಕಾಕತಾಳೀಯವೆಂದರೆ ಬೆಂಗಳೂರಿನಲ್ಲಿ ವಿಧಾನಸೌಧ ಪೂರ್ಣಗೊಂಡದ್ದೂ 1956ರಲ್ಲೇ, ಅದರ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿಕೊಂಡು. ಅದನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಉದ್ದೇಶ ಒಳ್ಳೆಯದಿತ್ತು. ಆದರೆ ಕಾಣಿಕೆ ಬೀಳದೆ ಫೈಲು ಕದಲದ ಕಚೇರಿಗಳನ್ನು ಕಂಡ ಕನ್ನಡಿಗರಿಗೆ, ಸರ್ಕಾರ ದೇವರ ಹೆಸರೆತ್ತಿದರೆ ಏನಾಗುತ್ತದೆ ಎಂದು ರೂಸ್‌ವೆಲ್ಟ್ ಬಂದು ಹೇಳಬೇಕಾಗಿಲ್ಲ.

ಈಗ ಅಂಕಿ ನೋಡಿ. ಪ್ಯೂ ಸಂಸ್ಥೆಯ 2007ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ 78ರಷ್ಟು ಜನ ಕ್ರೈಸ್ತರು. 2023-24ರ ಸಮೀಕ್ಷೆಯಲ್ಲಿ ಶೇ 62. ಯಾವ ಧರ್ಮಕ್ಕೂ ಸೇರದವರು ಶೇ 29. ನೂರು ಪರ್ಸುಗಳಲ್ಲಿ 29ರ ಒಡೆಯರು ಯಾವ ಧರ್ಮದ ಪಟ್ಟಿಯಲ್ಲೂ ಇಲ್ಲ, ಆದರೂ ‘ನಾವು’ ಎಂಬ ಸರ್ಕಾರಿ ಬಹುವಚನದೊಳಗೆ ಕೇಳದೆ ಸೇರಿಸಲ್ಪಟ್ಟಿದ್ದಾರೆ. ಸ್ವಾರಸ್ಯ ಎಲ್ಲಿದೆಯೆಂದರೆ, 78 ಇಳಿದು 62 ಆದ ಈ ಅವಧಿಯಲ್ಲೇ ಶಾಲೆಗಳ ಗೋಡೆಯ ಮೇಲೆ ಈ ವಾಕ್ಯದ ಫಲಕಗಳು ಏರುತ್ತ ಬಂದಿವೆ. ಮನೆಯಲ್ಲಿ ನಂಬಿಕೆ ಉಳಿಸಿಕೊಳ್ಳಲಾರದವರು ಅದನ್ನು ಶಾಸನಸಭೆಯಿಂದ ಆರ್ಡರ್ ಮಾಡಿ ತರಿಸಿಕೊಳ್ಳುತ್ತಿದ್ದಾರೆ.

ಯಾವ ದೇವರು ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಟೆಕ್ಸಾಸಿಗೆ ಹೋಗಬೇಕು. ಯಾರಾದರೂ ಈ ಧ್ಯೇಯವಾಕ್ಯದ ಫಲಕ ದಾನ ಕೊಟ್ಟರೆ ಸರ್ಕಾರಿ ಶಾಲೆ ಅದನ್ನು ಎದ್ದು ಕಾಣುವಂತೆ ತೂಗುಹಾಕಲೇಬೇಕು ಎಂದು 2021ರಲ್ಲಿ ಅಲ್ಲಿ ಕಾನೂನಾಯಿತು. ಡಲ್ಲಾಸ್ ಹತ್ತಿರದ ಸೌತ್‌ಲೇಕಿನ ಶಾಲೆಗಳಿಗೆ ಕ್ರೈಸ್ತ ಸಂಪ್ರದಾಯವಾದಿ ಮೊಬೈಲ್ ಕಂಪನಿಯೊಂದು ಫಲಕಗಳನ್ನು ಕೊಟ್ಟಿತು, ಅವು ಗೋಡೆಗೇರಿದವು. 2022ರ ಆಗಸ್ಟಿನಲ್ಲಿ ಪೋಷಕರೊಬ್ಬರು ಅದೇ ವಾಕ್ಯವನ್ನು ಅರಬ್ಬಿಯಲ್ಲಿ ಬರೆಸಿದ ಫಲಕ ತಂದರು. ಶಾಲಾ ಮಂಡಳಿ ಅದನ್ನು ಮುಟ್ಟಲಿಲ್ಲ. ಶಾಲೆಗೊಂದು ಫಲಕ ಈಗಾಗಲೇ ಇದೆ, ಇನ್ನೊಂದು ಹಾಕಬೇಕೆಂದು ಕಾನೂನು ಹೇಳುವುದಿಲ್ಲ ಎಂಬ ಉತ್ತರ ಸಿಕ್ಕಿತು. ಅದೇ ರಾಜ್ಯದ ಶುಗರ್‌ಲ್ಯಾಂಡಿನ ದೇವಸ್ಥಾನದಲ್ಲಿ 2024ರಲ್ಲಿ 90 ಅಡಿಯ ಹನುಮಂತನ ವಿಗ್ರಹ ನಿಂತಾಗ ವಿರೋಧ ಎದ್ದಿತು. ಮರುವರ್ಷ ಸೆನೆಟ್ಟಿಗೆ ಸ್ಪರ್ಧಿಸಹೊರಟ ರಿಪಬ್ಲಿಕನ್ ಅಭ್ಯರ್ಥಿ ಅಲೆಕ್ಸಾಂಡರ್ ಡಂಕನ್ ಅದನ್ನು ಸುಳ್ಳು ದೇವರ ಸುಳ್ಳು ಮೂರ್ತಿ ಎಂದು ಜರೆದು, ನಮ್ಮದು ಕ್ರೈಸ್ತ ರಾಷ್ಟ್ರ ಎಂದ. ನೋಟಿನ ಮೇಲಿನ ದೇವರು ಎಲ್ಲರ ದೇವರು ಎಂದು ನಂಬಿಕೊಂಡ ಹ್ಯೂಸ್ಟನ್, ಡಲ್ಲಾಸಿನ ಕನ್ನಡಿಗರು ಆ ಮಾತನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಹಾಗೆಂದು ಇಲ್ಲಿ ಕೂತು ನಗುವ ಹಕ್ಕು ನಮಗೂ ಇಲ್ಲ. 2022ರ ಅಕ್ಟೋಬರಿನಲ್ಲಿ, ಗುಜರಾತ್ ಚುನಾವಣೆಯ ಹೊಸ್ತಿಲಲ್ಲಿ, ಅರವಿಂದ ಕೇಜ್ರಿವಾಲ್ ಎಂಬ ಐಐಟಿ ಪದವೀಧರರು ರೂಪಾಯಿ ಉದ್ಧಾರವಾಗಲು ನೋಟಿನ ಮೇಲೆ ಲಕ್ಷ್ಮಿ, ಗಣೇಶರ ಚಿತ್ರ ಬೇಕೆಂದರು. ಸಾಕ್ಷಿಗೆ ಇಂಡೊನೇಷ್ಯಾದ 20 ಸಾವಿರ ರುಪಿಯಾ ನೋಟಿನ ಗಣೇಶ. ಆ ನೋಟು ಬಂದದ್ದು 1998ರಲ್ಲಿ. ಅದರ ಹಿಂದಿನ ವರ್ಷದ ನಡುವಿನಲ್ಲಿ ಡಾಲರಿಗೆ 2,400ರ ಆಸುಪಾಸಿನಲ್ಲಿದ್ದ ರುಪಿಯಾ, 1998ರಲ್ಲಿ ಒಂದು ಹಂತದಲ್ಲಿ 15 ಸಾವಿರ ದಾಟಿ ಕುಸಿದಿತ್ತು. ವಿಘ್ನನಿವಾರಕನಿಗೆ ಇಂಥ ಕೆಲಸ ಒಪ್ಪಿಸುವವರಿಗೆ ಭಕ್ತಿಯೂ ಗೊತ್ತಿಲ್ಲ, ಲೆಕ್ಕವೂ ಗೊತ್ತಿಲ್ಲ.

ಇಷ್ಟು ಚಿಕ್ಕ ವಾಕ್ಯಕ್ಕೆ ಇಷ್ಟೊಂದು ರಂಪವೇ ಎನ್ನುವವರಿಗೆ ಲೂಯಿಸಿಯಾನ ಇದೆ. ಪ್ರತಿ ತರಗತಿಯಲ್ಲೂ ಧ್ಯೇಯವಾಕ್ಯ ತೂಗಬೇಕೆಂಬ ಮಸೂದೆಯನ್ನು ಅಲ್ಲಿ 2023ರಲ್ಲಿ ತಂದವರು ಶಾಸಕಿ ಡೋಡಿ ಹಾರ್ಟನ್. 2024ರಲ್ಲಿ ಪ್ರತಿ ತರಗತಿಯಲ್ಲೂ ಬೈಬಲ್ಲಿನ ಹತ್ತು ಕಟ್ಟಳೆಗಳು ತೂಗಬೇಕೆಂಬ ಮಸೂದೆ ತಂದವರೂ ಅದೇ ಡೋಡಿ ಹಾರ್ಟನ್. ಧರ್ಮಕ್ಕೆ ಸಂಬಂಧವಿಲ್ಲದ ಫಲಕದ ಮೊಳೆಗೆ ಒಂದೇ ವರ್ಷದಲ್ಲಿ ಶುದ್ಧ ಧರ್ಮದ ಫಲಕ ಬಂದು ಕೂತಿತು. ಅದನ್ನು ಪ್ರಶ್ನಿಸಿ ಪೋಷಕರು ಕೋರ್ಟಿಗೆ ಹೋದಾಗ ಇದು ಧರ್ಮವಲ್ಲ, ಇತಿಹಾಸ ಎಂಬ ವಾದ ಮುಂದೆ ಬಂತು.

1955ರ ಕಾನೂನನ್ನು ರದ್ದು ಮಾಡಲು ಸಂವಿಧಾನ ತಿದ್ದಬೇಕಾಗಿಲ್ಲ, ಕಾಂಗ್ರೆಸ್ಸಿನ ಬಹುಮತ ಮತ್ತು ಅಧ್ಯಕ್ಷರ ಸಹಿ ಸಾಕು. ಆದರೆ ಆ ಮಸೂದೆ ಮಂಡಿಸುವವರು ಯಾರು? ನಿರುದ್ಯೋಗ ಶೇ 9ರ ಆಸುಪಾಸಿನಲ್ಲಿದ್ದ 2011ರ ನವೆಂಬರಿನಲ್ಲಿ ಕೆಳಮನೆ ಪುರುಸೊತ್ತು ಮಾಡಿಕೊಂಡು, ಈ ವಾಕ್ಯವೇ ನಮ್ಮ ಧ್ಯೇಯವಾಕ್ಯ ಎಂದು ಮತ್ತೊಮ್ಮೆ ನಿರ್ಣಯ ಅಂಗೀಕರಿಸಿತು. ಜನರಿಗೆ ಕೆಲಸ ಕೊಡಿಸುವುದನ್ನು ದೇವರೂ ಬಯಸುತ್ತಾನೆ ಎಂದು ಅಧ್ಯಕ್ಷ ಒಬಾಮಾ ಕುಟುಕಿದರು. ಮತ ಎಣಿಕೆಯಾದಾಗ ಪರ 396, ವಿರೋಧ 9. ಆ ಒಂಬತ್ತರಲ್ಲಿ ರಿಪಬ್ಲಿಕನ್ ಒಬ್ಬನೇ. ಒಬಾಮಾ ಅವರದೇ ಪಕ್ಷದಿಂದ ಸಿಕ್ಕಿದ್ದು ಎಂಟು ಜನ.