ಮನೆಸಾಲ: ಕೊಟ್ಟವನ ಹೊಣೆ ಎಲ್ಲಿಯವರೆಗೆ?

ಮನೆಗಳ ಬೆಲೆ ಕುಸಿದಾಗ ಅದರ ಕಾರಣವನ್ನು ಕುಸಿತದ ವರ್ಷದಲ್ಲೇ ಹುಡುಕುವುದು ಎಲ್ಲರ ರೂಢಿ. ಬಡ್ಡಿ ದರ ಏರಿತು, ಉದ್ಯೋಗ ಕಡಿತವಾಯಿತು, ಕೊಳ್ಳುವವರು ಹಿಂದೆ ಸರಿದರು ಎಂದು ಪಟ್ಟಿ ಮಾಡಲಾಗುತ್ತದೆ. ಇವು ಯಾವುವೂ ಸುಳ್ಳಲ್ಲ. ಆದರೆ 2006ರಿಂದ 2012ರ ಆರಂಭದವರೆಗೆ ಅಮೆರಿಕದ ವಸತಿ ಮಾರುಕಟ್ಟೆ ಕಂಡ ಇಳಿಮುಖವನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಬೆಲೆ ಏರುತ್ತಿದ್ದ ವರ್ಷಗಳಲ್ಲಿಯೇ, ಸಾಲದ ಅರ್ಜಿಗಳ ಮೇಲೆ ಬಿದ್ದ ಸಹಿಗಳಲ್ಲಿಯೇ ಆ ಕುಸಿತ ಸಿದ್ಧಗೊಂಡಿತ್ತು. ಇದನ್ನು ಅತ್ಯಂತ ಹತ್ತಿರದಿಂದ ಕಂಡವರು ಆ ಕಡತಗಳನ್ನು ದಿನವೂ ಪರಿಶೀಲಿಸುತ್ತಿದ್ದ ಅಡಮಾನ ಸಾಲ ವೃತ್ತಿಯ ಜನ. ಅವರ ಮಾತು ನಮಗೂ ಪ್ರಸ್ತುತ.

ರಿಚರ್ಡ್ ಬೋವೆನ್ ಅಂಥವರಲ್ಲೊಬ್ಬರು. ಅವರು ಸಿಟಿಗ್ರೂಪ್‌ನ ಗ್ರಾಹಕ ಸಾಲ ವಿಭಾಗದಲ್ಲಿ ಮುಖ್ಯ ಸಾಲ ಪರಿಶೀಲನಾಧಿಕಾರಿಯಾಗಿದ್ದರು. ಬೇರೆ ಸಂಸ್ಥೆಗಳು ಕೊಟ್ಟ ಮನೆಸಾಲಗಳನ್ನು ಆ ಬ್ಯಾಂಕ್ ಕೊಂಡು, ಮುಂದೆ ಮಾರುತ್ತಿತ್ತು. ಹಾಗೆ ಕೊಂಡ ಸಾಲಗಳ ಗುಣಮಟ್ಟದ ಮೇಲೆ ನಿಗಾ ಇಡುವುದು ಬೋವೆನ್ ಅವರ ಹೊಣೆಯಾಗಿತ್ತು. 2006ರ ಮಧ್ಯಭಾಗದಲ್ಲಿ ಅವರು ಕಂಡುಕೊಂಡ ಪ್ರಕಾರ, ಅಂಥ ಸಾಲಗಳ ಶೇ 60ಕ್ಕೂ ಹೆಚ್ಚು ಪಾಲು ದೋಷಪೂರಿತವಾಗಿತ್ತು. ಎಂದರೆ, ಬ್ಯಾಂಕಿನ ನಿಯಮಗಳಿಗೆ ಅನುಗುಣವಾಗಿರಲಿಲ್ಲ, ಅಥವಾ ಇರಬೇಕಾದ ದಾಖಲೆಗಳು ಕಡತದಲ್ಲಿರಲಿಲ್ಲ. 2007ರಲ್ಲಿ ಈ ಪ್ರಮಾಣ ಶೇ 80ನ್ನು ದಾಟಿತು. ಆ ವರ್ಷದ ನವೆಂಬರ್ 3ರಂದು ಅವರು ಬ್ಯಾಂಕಿನ ಅತ್ಯುನ್ನತ ಅಧಿಕಾರಿಗಳಿಗೆ ಪತ್ರ ಬರೆದು ಎಚ್ಚರಿಸಿದರು. ಆನಂತರ ತಮ್ಮ ಅಧಿಕಾರ ವ್ಯಾಪ್ತಿಯನ್ನೇ ಮೊಟಕುಗೊಳಿಸಲಾಯಿತು ಎಂದು ಅವರು ಹೇಳಿದ್ದಾರೆ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಆರ್ಥಿಕ ಬಿಕ್ಕಟ್ಟು ತನಿಖಾ ಆಯೋಗದ ಮುಂದೆ ಅವರು ನೀಡಿದ ಸಾಕ್ಷ್ಯದಲ್ಲಿ ಇದೆಲ್ಲ ದಾಖಲಾಗಿದೆ.

ಇಷ್ಟೊಂದು ಕಡತಗಳು ಏಕಕಾಲಕ್ಕೆ ಕೆಟ್ಟದ್ದು ಹೇಗೆ? 2003ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ತನ್ನ ಬಡ್ಡಿ ದರವನ್ನು ಶೇ 1ಕ್ಕೆ ಇಳಿಸಿ ಒಂದು ವರ್ಷ ಅಲ್ಲಿಯೇ ಇರಿಸಿತು. ಅಗ್ಗದ ಹಣ ಹೆಚ್ಚಿನ ಪ್ರತಿಫಲವನ್ನು ಅರಸುತ್ತಿತ್ತು. ಹಿಂದೆ ಬ್ಯಾಂಕೊಂದು ಮನೆಸಾಲ ಕೊಟ್ಟರೆ ಕೊನೆಯ ಕಂತಿನವರೆಗೂ ಅದನ್ನು ತನ್ನ ಲೆಕ್ಕದಲ್ಲೇ ಉಳಿಸಿಕೊಳ್ಳುತ್ತಿತ್ತು. ಆದ್ದರಿಂದ ಸಾಲಗಾರನ ಸಂಬಳ, ಸ್ವಭಾವ, ಕುಟುಂಬದ ಖರ್ಚು ಎಲ್ಲವನ್ನೂ ವಿಚಾರಿಸುವುದರಲ್ಲಿ ಅದಕ್ಕೆ ಸ್ವಹಿತವಿತ್ತು. ಸಾಲಗಳನ್ನು ಸಾವಿರಗಟ್ಟಲೆ ಒಟ್ಟುಗೂಡಿಸಿ ಋಣಪತ್ರಗಳನ್ನಾಗಿಸಿ ದೇಶವಿದೇಶಗಳ ಹೂಡಿಕೆದಾರರಿಗೆ ಮಾರುವ ಪದ್ಧತಿ ವ್ಯಾಪಕವಾದಂತೆ ಈ ಸ್ವಹಿತ ಸಡಿಲಗೊಂಡಿತು. ಸಾಲ ಕೊಟ್ಟವನು ಕೆಲವೇ ವಾರಗಳಲ್ಲಿ ಅದನ್ನು ಕೈದಾಟಿಸಿ ಲಾಭ ಎಣಿಸಬಹುದಾಗಿತ್ತು.

ವ್ಯವಸ್ಥೆಯ ಪ್ರತಿಯೊಂದು ಕೊಂಡಿಯೂ ಇದಕ್ಕೆ ಹೊಂದಿಕೊಂಡಿತು. ಸಾಲ ಮಂಜೂರಾದ ಕೂಡಲೇ ದಲ್ಲಾಳಿಗೆ ಅವನ ಪಾಲು ಸಂದಾಯವಾಗುತ್ತಿತ್ತು. ಕಡಿಮೆ ಬಡ್ಡಿಗೆ ಅರ್ಹನಾದ ಗ್ರಾಹಕನಿಗೆ ಹೆಚ್ಚಿನ ಬಡ್ಡಿಯ ಸಾಲ ಒಪ್ಪಿಸಿದರೆ ಹೆಚ್ಚುವರಿ ಪ್ರತಿಫಲವೂ ಇತ್ತು. ಈ ಪದ್ಧತಿಗೆ ತಡೆ ಬಿದ್ದದ್ದು 2011ರಲ್ಲಿ. ಆದಾಯದ ಪುರಾವೆಯನ್ನೇ ಕೇಳದ ಸಾಲಗಳಿಗೆ ವೃತ್ತಿಯವರೇ ‘ಸುಳ್ಳುಗಾರರ ಸಾಲ’ ಎಂದು ಹೆಸರಿಟ್ಟಿದ್ದರು. ಮೊದಲ ಎರಡು ವರ್ಷ ಕಡಿಮೆ ಬಡ್ಡಿ, ಉಳಿದ ಇಪ್ಪತ್ತೆಂಟು ವರ್ಷ ಏರಿಳಿಯುವ ಬಡ್ಡಿ ಎಂಬ ಸಾಲಗಳನ್ನು ಅವುಗಳ ಅರ್ಥ ತಿಳಿಯದವರಿಗೆ ಹಂಚಲಾಯಿತು. ಮನೆಯ ಬೆಲೆ ನಿಗದಿ ಮಾಡುವ ಮೌಲ್ಯಮಾಪಕರ ಮೇಲೆ, ಬೇಕಾದ ಮೊತ್ತ ಬರೆದುಕೊಡುವಂತೆ ಒತ್ತಡ ಬಂತು. 2000ದಿಂದ 2007ರ ನಡುವೆ ಸುಮಾರು 11,000 ಮೌಲ್ಯಮಾಪಕರು ಈ ಒತ್ತಡದ ವಿರುದ್ಧ ಸರ್ಕಾರಕ್ಕೆ ಸಲ್ಲಿಸಿದ ಮನವಿಗೆ ಸಹಿ ಹಾಕಿದ್ದರು. ಎಚ್ಚರಿಕೆ ಕೊಡುವವರಿಗೆ ಕೊರತೆಯಿರಲಿಲ್ಲ, ಕೇಳಿಸಿಕೊಳ್ಳುವವರಿಗೆ ಪುರುಸೊತ್ತಿರಲಿಲ್ಲ.

2004ರ ಜೂನ್‌ನಿಂದ ಎರಡು ವರ್ಷಗಳಲ್ಲಿ ಫೆಡರಲ್ ರಿಸರ್ವ್ 17 ಬಾರಿ ಬಡ್ಡಿ ಏರಿಸಿತು; ದರ ಶೇ 5.25 ತಲುಪಿತು. ಬೆಲೆ ಏರುವವರೆಗೆ ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸಿ ಬಚಾವಾಗುತ್ತಿದ್ದವರಿಗೆ, ಬೆಲೆ ನಿಂತ ಕೂಡಲೇ ಆ ಬಾಗಿಲು ಮುಚ್ಚಿತು. 2007ರ ಏಪ್ರಿಲ್‌ನಲ್ಲಿ ಕೆಳದರ್ಜೆ ಸಾಲಗಳ ದೊಡ್ಡ ಸಂಸ್ಥೆಗಳಲ್ಲೊಂದಾದ ನ್ಯೂ ಸೆಂಚುರಿ ದಿವಾಳಿ ಅರ್ಜಿ ಸಲ್ಲಿಸಿತು. 2008ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಸರ್ಕಾರದ ನಿಯಂತ್ರಣಕ್ಕೆ ಬಂದವು, ಲೇಮನ್ ಬ್ರದರ್ಸ್ ಮುಳುಗಿತು, ವಾಷಿಂಗ್ಟನ್ ಮ್ಯೂಚುವಲ್ ಅಮೆರಿಕದ ಇತಿಹಾಸದ ಅತಿ ದೊಡ್ಡ ಬ್ಯಾಂಕ್ ವೈಫಲ್ಯವಾಗಿ ದಾಖಲಾಯಿತು. ದೇಶದ ಮನೆಗಳ ಸರಾಸರಿ ಬೆಲೆ ತನ್ನ ಶಿಖರದಿಂದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಲಾಸ್ ವೇಗಾಸ್‌ನಂಥ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತು.

ಸರಾಸರಿ ಅಂಕಿ ಸಂಕಟವನ್ನು ಪೂರ್ತಿ ಹೇಳುವುದಿಲ್ಲ. ಬೀದಿಯೊಂದರಲ್ಲಿ ನಾಲ್ಕು ಮನೆ ಜಪ್ತಿಯಾಗಿ ಹರಾಜಿಗೆ ಬಂದರೆ, ತಪ್ಪದೆ ಕಂತು ಕಟ್ಟುತ್ತಿದ್ದ ನೆರೆಮನೆಯವನ ಆಸ್ತಿಯ ಬೆಲೆಯೂ ಕುಸಿಯುತ್ತದೆ. ಸಾಲದ ಬಾಕಿ ಮನೆಯ ಬೆಲೆಯನ್ನು ಮೀರಿದಾಗ ಅವನು ಮಾರಿ ಬೇರೆ ಊರಿಗೆ ಕೆಲಸ ಹುಡುಕಿ ಹೋಗುವಂತಿಲ್ಲ. ಸಾಲ ಕೊಡುವಾಗಿದ್ದ ಅವಸರವೇ ಮನೆ ಕಿತ್ತುಕೊಳ್ಳುವಾಗಲೂ ಮರುಕಳಿಸಿತು. ಜಪ್ತಿಯ ಪ್ರಮಾಣಪತ್ರಗಳಿಗೆ ಕಡತವನ್ನು ಓದದೆಯೇ ಸಾಲು ಸಾಲಾಗಿ ಸಹಿ ಹಾಕಲಾಗುತ್ತಿತ್ತೆಂಬುದು 2010ರಲ್ಲಿ ಬೆಳಕಿಗೆ ಬಂತು. 2012ರಲ್ಲಿ ಐದು ದೊಡ್ಡ ಸಾಲಸಂಸ್ಥೆಗಳು 49 ರಾಜ್ಯಗಳೊಂದಿಗೆ ಸುಮಾರು 2,500 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಬರಬೇಕಾಯಿತು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬುದು ನಮ್ಮ ಗಾದೆ. ಅಮೆರಿಕದಲ್ಲಿ ನಡೆದದ್ದು ಇದಕ್ಕೂ ವಿಚಿತ್ರ. ಕೊಟ್ಟವನು ಸಾಲವನ್ನು ಮೂರನೆಯವನಿಗೆ ದಾಟಿಸಿ ಹೊರಟುಹೋಗಿದ್ದ. ಇಸಕೊಂಡವನು ಮನೆ ಕಳೆದುಕೊಂಡ. ಕೋಡಂಗಿಯಾದವರು ದೂರದ ಹೂಡಿಕೆದಾರರು ಮತ್ತು ತೆರಿಗೆದಾರರು. ಸಾಲದ ಸರಪಳಿ ದೀರ್ಘಕಾಲದ ನೆಮ್ಮದಿಯಲ್ಲೇ ದುರ್ಬಲಗೊಳ್ಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಹೈಮನ್ ಮಿನ್‌ಸ್ಕಿ ದಶಕಗಳ ಹಿಂದೆಯೇ ವಾದಿಸಿದ್ದರು. ಆದಾಯದಿಂದ ಅಸಲು ಬಡ್ಡಿ ಎರಡನ್ನೂ ತೀರಿಸಬಲ್ಲವರಿಂದ ಆರಂಭವಾಗುವ ಸಾಲ, ಕ್ರಮೇಣ ಬಡ್ಡಿಯನ್ನಷ್ಟೇ ಕಟ್ಟಬಲ್ಲವರಿಗೆ, ಕೊನೆಗೆ ಬೆಲೆ ಏರಿದರೆ ಮಾತ್ರ ಉಳಿಯಬಲ್ಲವರಿಗೆ ಹರಿಯುತ್ತದೆ ಎಂಬುದು ಅವರ ಪ್ರತಿಪಾದನೆ. ತನಿಖಾ ಆಯೋಗ 2011ರ ಜನವರಿಯಲ್ಲಿ ಕೊಟ್ಟ ವರದಿಯ ತೀರ್ಮಾನವೂ ಈ ಬಿಕ್ಕಟ್ಟನ್ನು ತಪ್ಪಿಸಬಹುದಾಗಿತ್ತು ಎಂಬುದೇ.

ಆ ಬಿರುಗಾಳಿ ನಮ್ಮ ಬ್ಯಾಂಕುಗಳನ್ನು ಕೆಡವಲಿಲ್ಲ. ಇದು ಅದೃಷ್ಟವಷ್ಟೇ ಅಲ್ಲ. ವೈ.ವಿ. ರೆಡ್ಡಿ ಅವರು ಗವರ್ನರ್ ಆಗಿದ್ದಾಗ, 2004ರ ಡಿಸೆಂಬರ್‌ನಲ್ಲಿ, ರಿಸರ್ವ್ ಬ್ಯಾಂಕ್ ಮನೆಸಾಲಗಳ ಅಪಾಯ ತೂಕವನ್ನು ಶೇ 50ರಿಂದ 75ಕ್ಕೆ ಏರಿಸಿತು. ಅಂದರೆ ಅಂಥ ಸಾಲಕ್ಕೆ ಬ್ಯಾಂಕ್ ಹೆಚ್ಚು ಸ್ವಂತ ಬಂಡವಾಳ ತೆಗೆದಿರಿಸಬೇಕಾಯಿತು. 2006ರ ಫೆಬ್ರುವರಿಯ ಮಾರ್ಗಸೂಚಿ ಇನ್ನೂ ಮುಖ್ಯವಾದದ್ದು. ಸಾಲಗಳನ್ನು ಋಣಪತ್ರಗಳಾಗಿ ಮಾರಿದ ಬ್ಯಾಂಕ್ ಅದರ ಲಾಭವನ್ನು ಮಾರಿದ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳದೆ, ಆ ಪತ್ರಗಳ ಅವಧಿಗೆ ಹಂಚಬೇಕೆಂದು ಅದು ಹೇಳಿತು. ಅತಿ ಎಚ್ಚರಿಕೆ ಎಂಬ ಟೀಕೆ ಆಗ ಕೇಳಿಬಂದಿತ್ತು. ಮುಂದೆ ರಿಸರ್ವ್ ಬ್ಯಾಂಕ್‌ನ ಗವರ್ನರ್ ಆದ ರಘುರಾಂ ರಾಜನ್, 2005ರಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಹಣಕಾಸು ವಲಯದ ಪ್ರೋತ್ಸಾಹಧನದ ಪದ್ಧತಿಯೇ ಅಪಾಯವನ್ನು ಹೆಚ್ಚಿಸುತ್ತಿದೆ ಎಂದಾಗಲೂ ಟೀಕೆ ಎದುರಿಸಬೇಕಾಯಿತು.

ಹಾಗೆಂದು ನಾವು ಬೀಗುವಂತಿಲ್ಲ. ಅದೇ ಕಾಯಿಲೆ ನಮ್ಮಲ್ಲಿ ಬೇರೆ ವೇಷದಲ್ಲಿ ಬಂತು. ‘ಈಗ ಶೇ 20 ಕೊಡಿ, ಉಳಿದದ್ದು ಬೀಗದ ಕೈ ಸಿಕ್ಕಾಗ’ ಎಂಬ ಜಾಹೀರಾತುಗಳನ್ನು ಓದುಗರು ಮರೆತಿರಲಾರರು. ಇಂಥ ಯೋಜನೆಗಳಲ್ಲಿ ಸಾಲ ಗ್ರಾಹಕನ ಹೆಸರಿನಲ್ಲಿ. ಹಣ ಕಟ್ಟಡ ಏಳುವ ಮೊದಲೇ ಬಿಲ್ಡರ್‌ನ ಕೈಗೆ. ಮನೆ ಒಪ್ಪಿಸುವವರೆಗೆ ಬಡ್ಡಿ ಕಟ್ಟುವ ಭರವಸೆ ಬಿಲ್ಡರ್‌ನದು. ಅವನು ಕಟ್ಟುವುದನ್ನು ನಿಲ್ಲಿಸಿದ ದಿನ ನೋಟಿಸು ಬರುವುದು ಗ್ರಾಹಕನ ಮನೆಗೆ. ಕಾಮಗಾರಿಯ ಹಂತಕ್ಕೆ ತಕ್ಕಂತೆ ಮಾತ್ರ ಹಣ ಬಿಡುಗಡೆ ಮಾಡಬೇಕೆಂದು 2013ರಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿತು. 2019ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್, ಬಿಲ್ಡರ್ ಬಡ್ಡಿ ಭರಿಸುವ ಇಂಥ ಸಾಲಗಳನ್ನು ಕೊಡದಿರುವಂತೆ ಗೃಹಸಾಲ ಸಂಸ್ಥೆಗಳಿಗೆ ತಿಳಿಸಿತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಮ್ರಪಾಲಿ ಸಮೂಹದ ಅರೆಬರೆ ಕಟ್ಟಡಗಳನ್ನು ಪೂರ್ಣಗೊಳಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆಯಾದ ಎನ್‌ಬಿಸಿಸಿಗೆ ವಹಿಸಿತು. ಮನೆಗಾಗಿ ಕಾದಿದ್ದವರು 42,000ಕ್ಕೂ ಹೆಚ್ಚು. ಬಿಲ್ಡರ್‌ಗಳು ಮತ್ತು ಸಾಲಸಂಸ್ಥೆಗಳ ಒಳಸಂಬಂಧದ ಬಗ್ಗೆ 2025ರಲ್ಲಿ ಸಿಬಿಐ ವಿಚಾರಣೆಗೆ ಆದೇಶಿಸಿದ ನ್ಯಾಯಾಲಯ, ದೆಹಲಿ ಸುತ್ತಲಿನ ಯೋಜನೆಗಳ ಜತೆ ಬೆಂಗಳೂರು ಸೇರಿದಂತೆ ಇತರ ಕೆಲವು ನಗರಗಳ ಯೋಜನೆಗಳನ್ನೂ ಅದರ ವ್ಯಾಪ್ತಿಗೆ ತಂದಿತು.

ಸಾಲಗಾರನ ಅಪಾಯವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 50 ಲಕ್ಷ ರೂಪಾಯಿ ಸಾಲ, 20 ವರ್ಷ ಅವಧಿ, ಶೇ 6.5 ಬಡ್ಡಿ ಎಂದಾದರೆ ಮಾಸಿಕ ಕಂತು ಸುಮಾರು 37,280 ರೂಪಾಯಿ. ಬಡ್ಡಿ ಶೇ 9ಕ್ಕೇರಿದರೆ ಅದು ಸುಮಾರು 44,990 ರೂಪಾಯಿ ಆಗಬೇಕು. ಕಂತನ್ನು ಏರಿಸದೆ ಅವಧಿಯನ್ನಷ್ಟೇ ಲಂಬಿಸೋಣ ಎಂದರೆ, ಮೊದಲ ತಿಂಗಳ ಬಡ್ಡಿಯೇ 37,500 ರೂಪಾಯಿ. ಹಳೆಯ ಕಂತು ಬಡ್ಡಿಗೂ ಸಾಲದು, ಸಾಲ ಎಂದಿಗೂ ತೀರದು. ಇದು ಬರಿಯ ಕಲ್ಪನೆಯಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತ್ತು. ಇಬ್ಬರ ಸಂಬಳವನ್ನು ನಂಬಿ ಸಾಲ ಮಾಡಿದ ಬೆಂಗಳೂರಿನ ಕುಟುಂಬದಲ್ಲಿ ಒಬ್ಬರ ಕೆಲಸ ಹೋದರೆ ಏನಾದೀತೆಂದು ಹೇಳಬೇಕಾಗಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಬೀಗದ ಕೈಯನ್ನು ಬ್ಯಾಂಕಿಗೆ ಕಳಿಸಿ ಸಾಲಮುಕ್ತರಾದವರಿದ್ದರು. ನಮ್ಮಲ್ಲಿ ಮನೆ ಹರಾಜಾದ ಮೇಲೂ ಉಳಿದ ಬಾಕಿ ಸಾಲಗಾರನ ಬೆನ್ನು ಬಿಡುವುದಿಲ್ಲ. ಆದ್ದರಿಂದ ಸಾಲ ಕೊಡುವವರ ಅಜಾಗರೂಕತೆಯ ಫಲವನ್ನು ಇಲ್ಲಿನ ಗ್ರಾಹಕ ಹೆಚ್ಚು ಕಾಲ ಉಣ್ಣಬೇಕಾಗುತ್ತದೆ.

ಮಾಡಬೇಕಾದದ್ದೇನು? ಮೊದಲನೆಯದಾಗಿ, ಸಾಲ ತಂದುಕೊಡುವ ಏಜೆಂಟರ ಕಮಿಷನ್ ಮತ್ತು ಮಂಜೂರು ಮಾಡುವ ಅಧಿಕಾರಿಗಳ ಪ್ರೋತ್ಸಾಹಧನವನ್ನು ಸಾಲ ಬಿಡುಗಡೆಯಾದ ತಿಂಗಳಿಗೆ ಕಟ್ಟಿಹಾಕದೆ, ಮೊದಲ ಮೂರು ನಾಲ್ಕು ವರ್ಷಗಳ ಮರುಪಾವತಿಗೆ ತಕ್ಕಂತೆ ಹಂಚಿ ಕೊಡಬೇಕು. ರೆಡ್ಡಿ ಅವರ ಕಾಲದಲ್ಲಿ ಬ್ಯಾಂಕಿನ ಲಾಭಕ್ಕೆ ಅನ್ವಯಿಸಿದ ತತ್ವವನ್ನು ವ್ಯಕ್ತಿಗಳ ಗಳಿಕೆಗೂ ಅನ್ವಯಿಸುವುದಷ್ಟೇ ಇದು. ಎರಡನೆಯದಾಗಿ, ಮೌಲ್ಯಮಾಪಕರನ್ನೂ ಕಾನೂನು ಸಲಹೆಗಾರರನ್ನೂ ಸಾಲದ ಗುರಿ ಹೊತ್ತ ಶಾಖೆ ಆರಿಸಬಾರದು. ಅದು ಪ್ರತ್ಯೇಕ ವಿಭಾಗದ ಕೆಲಸವಾಗಬೇಕು. ಮೂರನೆಯದಾಗಿ, ಕಾಮಗಾರಿಯ ಹಂತವನ್ನು ನೋಡದೆ ಹಣ ಬಿಟ್ಟ ಸಂಸ್ಥೆ ಆ ಮೊತ್ತದ ನಷ್ಟದಲ್ಲಿ ಪಾಲು ಹೊರಬೇಕು. ಇಡೀ ಹೊರೆಯನ್ನು ಗ್ರಾಹಕನ ಮೇಲೆ ಹೇರುವಂತಿರಬಾರದು. ಕೊನೆಯದಾಗಿ, ಸಾಲದ ಮುಖ್ಯಾಂಶಗಳ ಪತ್ರವನ್ನು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ವಿಧಿಸಿದೆ. ಬಡ್ಡಿ ಶೇ 2ರಷ್ಟು ಏರಿದರೆ ಕಂತೆಷ್ಟು ಎಂಬ ಸಾಲೊಂದು ಅದರಲ್ಲಿ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇರಬೇಕು.

ಇಷ್ಟೆಲ್ಲ ಬಿಗಿ ಮಾಡಿದರೆ ಸಂಬಳದ ಚೀಟಿಯಿಲ್ಲದ ಆಟೊ ಚಾಲಕನಿಗೆ, ತರಕಾರಿ ವ್ಯಾಪಾರಿಗೆ ಮನೆ ಗಗನಕುಸುಮವಾಗುತ್ತದೆ ಎಂಬ ಆಕ್ಷೇಪ ಬರಬಹುದು. ಅದು ತಳ್ಳಿಹಾಕುವಂಥದ್ದಲ್ಲ. ಆದರೆ ಆದಾಯವನ್ನು ವಿಚಾರಿಸುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. ಚೀಟಿಯಿಲ್ಲದವನ ಅಂಗಡಿಗೆ ಹೋಗಿ ವಹಿವಾಟು ನೋಡಿ ಸಾಲ ಕೊಡುವುದು ಶ್ರಮದ ಕೆಲಸ. ಆ ಶ್ರಮವನ್ನು ತಪ್ಪಿಸಿಕೊಳ್ಳುವುದು ಔದಾರ್ಯವಲ್ಲ. ಅಮೆರಿಕದಲ್ಲಿ ವಿಚಾರಣೆಯಿಲ್ಲದೆ ಹರಿದ ಸಾಲ ಬಡವರನ್ನು ಉದ್ಧರಿಸಲಿಲ್ಲ. ಕಂಟ್ರಿವೈಡ್ ಸಂಸ್ಥೆ ಕಪ್ಪುವರ್ಣೀಯರು ಮತ್ತು ಹಿಸ್ಪಾನಿಕ್ ಸಮುದಾಯದವರಿಂದ ಇತರರಿಗಿಂತ ಹೆಚ್ಚಿನ ಶುಲ್ಕ, ಬಡ್ಡಿ ವಸೂಲು ಮಾಡಿತೆಂಬ ಆರೋಪ ಬಂದು, 2011ರಲ್ಲಿ ಅದರ ಇತ್ಯರ್ಥಕ್ಕೆ 33.5 ಕೋಟಿ ಡಾಲರ್ ತೆರಬೇಕಾಯಿತು. ಬಾಧಿತರ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು.

ಮನೆ ಕಟ್ಟಿ ನೋಡು ಎಂದವರು ಅದರ ಕಷ್ಟವನ್ನು ಬಲ್ಲವರು. ಮಧ್ಯಮ ವರ್ಗದ ಕುಟುಂಬವೊಂದು ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ಸಾಲ ಮನೆಸಾಲ. ಇಷ್ಟು ಆದಾಯದಲ್ಲಿ ಇವರು ಇಪ್ಪತ್ತು ವರ್ಷ ಇದನ್ನು ತೀರಿಸಬಲ್ಲರೇ ಎಂಬ ಪ್ರಶ್ನೆಯನ್ನು ಕಡತ ಹಿಡಿದ ಅಧಿಕಾರಿ ಕೇಳಬೇಕು, ಉತ್ತರ ತೃಪ್ತಿಕರವಲ್ಲದಿದ್ದರೆ ಆಗದೆನ್ನಬೇಕು. ಆಗದೆಂದ ಅಧಿಕಾರಿಗೆ ಸಂಸ್ಥೆಯಲ್ಲಿ ರಕ್ಷಣೆ ಇರಬೇಕು. ಮಾರುಕಟ್ಟೆ ಏರುತ್ತಿರುವಾಗಲೇ ಈ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಕುಸಿತ ಆರಂಭವಾದ ಮೇಲೆ ಕೆಟ್ಟ ಕಡತಗಳನ್ನು ಎಣಿಸಬಹುದೇ ಹೊರತು ತಿದ್ದಲಾಗುವುದಿಲ್ಲ.